ಹೂವು ಬಿಡುವ ಜಾಗ ನೋಡಿ ಕತ್ತರಿ ಹಾಕಿ: ಉಷ್ಣವಲಯದ ಹಣ್ಣಿನ ಪೊದೆಗಳು, ಗಿಡ್ಡ ಮರಗಳು ಮತ್ತು ಅವುಗಳ ಬಳಕೆ

ಸೊಂಪಾಗಿ ಬೆಳೆದ ಹಣ್ಣಿನ ಗಿಡವೊಂದು ವರ್ಷಗಟ್ಟಲೆ ಕಾಯಿ ಕಚ್ಚದೆ ನಿಂತಾಗ ನಾವು ಮೊದಲು ಗೊಬ್ಬರವನ್ನು ಅನುಮಾನಿಸುತ್ತೇವೆ, ಆಮೇಲೆ ಮಣ್ಣನ್ನು, ಕೊನೆಗೆ ಸಸಿ ಕೊಟ್ಟವರನ್ನು. ಆ ಗಿಡ ಹೂವನ್ನು ಯಾವ ಜಾಗದಲ್ಲಿ ಬಿಡುತ್ತದೆ ಎಂಬುದನ್ನು ಮಾತ್ರ ಗಮನಿಸಿರುವುದಿಲ್ಲ. ಹೊಸ ಚಿಗುರಿನಲ್ಲಿ ಹೂಬಿಡುವ ಗಿಡವನ್ನು ಸವರದೆ ಬಿಟ್ಟರೂ, ಹಳೆಯ ಕಾಂಡದಲ್ಲಿ ಹೂಬಿಡುವ ಮರವನ್ನು ಅಂದಕ್ಕೆಂದು ಬೋಳಿಸಿದರೂ ಫಲಿತಾಂಶ ಒಂದೇ: ಎಲೆ ತುಂಬಿದ, ಹಣ್ಣಿಲ್ಲದ ಗಿಡ. ಆದ್ದರಿಂದ ಸಸಿ ಆರಿಸುವಾಗಲೇ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಎಷ್ಟು ಜಾಗ ಬೇಕು, ಕತ್ತರಿ ಯಾವಾಗ ಹಿಡಿಯಬೇಕು ಎಂಬುದೆಲ್ಲ ಬಹುಮಟ್ಟಿಗೆ ಅದರ ಉತ್ತರದಿಂದಲೇ ತಿಳಿಯುತ್ತದೆ.

ಸೀಬೆ, ಫಾಲ್ಸಾ (ಸಣ್ಣ ಹುಳಿಸಿಹಿ ಹಣ್ಣು ಬಿಡುವ ಪೊದೆ), ಹಿಪ್ಪುನೇರಳೆ ಮತ್ತು ಬೋರೆ ಆಯಾ ಋತುವಿನ ಹೊಸ ಚಿಗುರಿನಲ್ಲಿ ಹೂಬಿಡುತ್ತವೆ. ಇವುಗಳಿಗೆ ಕತ್ತರಿ ಹಾಕಿದಷ್ಟೂ ಹೊಸ ಚಿಗುರು, ಹೊಸ ಚಿಗುರಿನಷ್ಟೂ ಹೂವು. ಆಳೆತ್ತರದಲ್ಲೇ ಉಳಿಸಿಕೊಳ್ಳಬಹುದಾದ ಕಾರಣ ಚಿಕ್ಕ ಜಾಗದವರಿಗೆ ನಾನು ಮೊದಲು ಹೇಳುವ ಹೆಸರುಗಳು ಇವೇ. ಸೀತಾಫಲ ಹೊಸ ಚಿಗುರಿನಲ್ಲೂ ಹಳೆಯ ರೆಂಬೆಯ ಗೆಣ್ಣುಗಳಲ್ಲೂ ಹೂಬಿಡುತ್ತದೆ. ದಾಳಿಂಬೆ ಬಲಿತ ರೆಂಬೆಗಳ ಮೇಲಿನ ಗಿಡ್ಡ ಕವಲುಗಳಲ್ಲಿ ಹೆಚ್ಚಾಗಿ ಕಾಯಿ ಹಿಡಿಯುತ್ತದೆ. ಈ ಎರಡಕ್ಕೂ ಹಗುರವಾದ ಸವರುವಿಕೆ ಸಾಕು. ದ್ರಾಕ್ಷಿಯಂಥ ಹಣ್ಣು ಬಿಡುವ ಜಬೋಟಿಕಾಬ, ಬಿಂಬುಳಿ ಮತ್ತು ಕೋಕೋ ಮರಗಳ ರೀತಿಯೇ ಬೇರೆ. ಇವುಗಳ ಹೂವು ನೇರವಾಗಿ ಕಾಂಡದ ಮೇಲೆ, ದಪ್ಪ ಕೊಂಬೆಗಳ ಮೇಲೆ ಗೊಂಚಲುಗಟ್ಟುತ್ತದೆ. ಕೋಕೋ ಕಾಯನ್ನು ಕೈಯಿಂದ ತಿರುಚಿ ಕಿತ್ತರೆ, ವರ್ಷ ವರ್ಷವೂ ಹೂವು ಬರಬೇಕಾದ ತೊಗಟೆಯ ಗಂಟು ಅದರೊಂದಿಗೇ ಹರಿದು ಬರುತ್ತದೆ. ಹರಿತವಾದ ಚಾಕುವಿನಿಂದ ತೊಟ್ಟನ್ನು ಮಾತ್ರ ಕತ್ತರಿಸಬೇಕು.

ನೆಡುವುದು ಮತ್ತು ಸಸಿ ಮಾಡಿಕೊಳ್ಳುವುದು

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಇವುಗಳಲ್ಲಿ ಹೆಚ್ಚಿನವಕ್ಕೆ ಹೊಂದುತ್ತದೆ. ಸೀಬೆ ಸ್ವಲ್ಪ ಜವುಗನ್ನು ಸಹಿಸಿಕೊಂಡೀತು, ಸೀತಾಫಲ ಮಾತ್ರ ಬುಡದಲ್ಲಿ ನೀರು ನಿಂತರೆ ಕೊಳೆತು ಸಾಯುತ್ತದೆ. ಉದ್ದ, ಅಗಲ, ಆಳ ಮೂರೂ ಸುಮಾರು 60 ಸೆಂ.ಮೀ. ಇರುವ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ, ಸಸಿ ಚೀಲದಲ್ಲಿದ್ದ ಮಟ್ಟಕ್ಕೇ ಮಣ್ಣು ಬರುವಂತೆ ನೆಡಬೇಕು. ನಿಯಮಿತವಾಗಿ ಸವರುವುದಾದರೆ ಸೀಬೆ ಮತ್ತು ಫಾಲ್ಸಾ ಗಿಡಗಳಿಗೆ 3 ಮೀಟರ್ ಅಂತರ ಸಾಕು. ಕವಳೆಯನ್ನು ಬೇಲಿಗೆಂದು ನೆಡುವವರು 60 ರಿಂದ 90 ಸೆಂ.ಮೀ. ಅಂತರ ಬಿಟ್ಟರೆ ಅದರ ಜೋಡಿ ಮುಳ್ಳುಗಳು ಒಂದಕ್ಕೊಂದು ಹೆಣೆದುಕೊಂಡು, ದನಕರು ನುಗ್ಗಲಾರದ ಗೋಡೆಯಾಗುತ್ತದೆ. ಬರಗಾಲದಲ್ಲೂ ಹಸಿರಾಗಿ ನಿಲ್ಲುವ ಇದಕ್ಕಿಂತ ನೆಚ್ಚಿನ ಹಣ್ಣಿನ ಬೇಲಿ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲಿಗೆಗೆ ಹುಳಿಯನ್ನೂ ಸಿಹಿಯೆನಿಸುವ ಮಿರಾಕಲ್ ಹಣ್ಣಿನ ಗಿಡಕ್ಕೆ ಹುಳಿ (ಆಮ್ಲೀಯ) ಮಣ್ಣೇ ಆಗಬೇಕು, ಆದ್ದರಿಂದ ಮಣ್ಣನ್ನು ನಾವೇ ಹೊಂದಿಸಬಹುದಾದ ಕುಂಡವೇ ಅದಕ್ಕೆ ಸುರಕ್ಷಿತ.

ನೆಟ್ಟ ಮೇಲೆ ಬುಡದ ಸುತ್ತ 8 ರಿಂದ 10 ಸೆಂ.ಮೀ. ದಪ್ಪ ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಕೋಕೋ ಮರದ ಕೆಳಗಂತೂ ತರಗೆಲೆಯನ್ನು ಎಂದೂ ಗುಡಿಸಬಾರದು. ಅದರ ಹೂವಿಗೆ ಪರಾಗಸ್ಪರ್ಶ ಮಾಡುವ ಅತಿ ಸಣ್ಣ ನೊಣಗಳು ಮರಿಮಾಡುವುದು ಆ ತೇವದ ಕೊಳೆಯುವ ಎಲೆಗಳಲ್ಲೇ. ನೆಲ ಚೊಕ್ಕಟವಾದರೆ ಕಾಯಿ ಕಡಿಮೆಯಾಗುತ್ತದೆ.

ಹಿಪ್ಪುನೇರಳೆ, ದಾಳಿಂಬೆಗಳು ಬಲಿತ ಕಡ್ಡಿ ನೆಟ್ಟರೆ ಬೇರು ಬಿಡುತ್ತವೆ. ಜಬೋಟಿಕಾಬ ಮತ್ತು ಮಿರಾಕಲ್ ಹಣ್ಣಿನ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಹಣ್ಣು ತಿಂದ ದಿನವೇ ಬಿತ್ತಬೇಕು. ಬೀಜದಿಂದ ಎದ್ದ ಜಬೋಟಿಕಾಬ ಹಣ್ಣು ಕೊಡಲು 8 ವರ್ಷಕ್ಕೂ ಮೀರಿ ಕಾಯಿಸಬಹುದು, ಇದನ್ನು ತಿಳಿದೇ ಬಿತ್ತಿ. ಸೀಬೆಯ ಬೀಜದ ಸಸಿಯಲ್ಲಿ ತಾಯಿಗಿಡದ ಗುಣವೇ ಬರುತ್ತದೆಂಬ ಭರವಸೆಯಿಲ್ಲ, ಅದಕ್ಕೆ ಗೂಟಿ ಕಟ್ಟುವುದೇ, ಅಂದರೆ ಗಿಡದಲ್ಲಿರುವಾಗಲೇ ರೆಂಬೆಗೆ ಬೇರು ಬರಿಸಿ ಸಸಿ ಮಾಡುವುದೇ ಸರಿ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ ನೇರ ರೆಂಬೆಯೊಂದನ್ನು ಆರಿಸಿ, ಒಂದು ಗೆಣ್ಣಿನ ಕೆಳಗೆ 2.5 ಸೆಂ.ಮೀ. ಅಗಲದ ತೊಗಟೆಯನ್ನು ಉಂಗುರದಂತೆ ಬಿಡಿಸಿ ತೆಗೆಯಿರಿ. ಬಿಡಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಜಾರುತ್ತದೆ. ಹಾಗೆ ಜಾರುವ ತೆಳುಪದರ ಉಳಿದರೆ ಮೇಲಿನ ಮತ್ತು ಕೆಳಗಿನ ತೊಗಟೆ ಮತ್ತೆ ಕೂಡಿಕೊಂಡು ಬೇರು ಬರುವುದೇ ಇಲ್ಲ. ಚಾಕುವಿನ ಮೊಂಡು ಬದಿಯಿಂದ ಅದನ್ನು ಕೆರೆದು, ಮುಟ್ಟಿದರೆ ಒರಟಾಗಿ ಹತ್ತುವಂತೆ ಮಾಡಿದ ಮೇಲೆ, ನೆನೆಸಿ ನೀರು ಹಿಂಡಿದ ಪಾಚಿಯನ್ನು (ಸ್ಫ್ಯಾಗ್ನಮ್ ಮಾಸ್) ಮುಷ್ಟಿಯಷ್ಟು ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಸಾಮಾನ್ಯವಾಗಿ 4 ರಿಂದ 6 ವಾರಗಳಲ್ಲಿ ಹಾಳೆಯೊಳಗೆ ಬಿಳಿ ಬೇರುಗಳು ಕಾಣುತ್ತವೆ. ಅವು ಕಂದುಬಣ್ಣಕ್ಕೆ ತಿರುಗತೊಡಗಿದಾಗ ಕಟ್ಟಿನ ಕೆಳಗೆ ಅರ್ಧ ಕಚ್ಚು ಹಾಕಿ, ಒಂದು ವಾರ ಬಿಟ್ಟು ಪೂರ್ತಿ ಕತ್ತರಿಸಿ, ನೆರಳಿನಲ್ಲಿ ಕುಂಡಕ್ಕೆ ಏರಿಸಬೇಕು.

ಕತ್ತರಿ ಹಿಡಿಯುವ ಬಗೆ

ಸೀಬೆಯ ಎಳೆ ಗಿಡವನ್ನು 60 ರಿಂದ 70 ಸೆಂ.ಮೀ. ಎತ್ತರದಲ್ಲಿ ಧೈರ್ಯವಾಗಿ ಮೊಟಕು ಮಾಡಿ. ಕೆಳಗಿನಿಂದ ಒಡೆಯುವ ಚಿಗುರುಗಳಲ್ಲಿ ನಾಲ್ಕೂ ದಿಕ್ಕಿಗೆ ಹರಡುವ 3 ಅಥವಾ 4ನ್ನು ಮಾತ್ರ ಉಳಿಸಿ, ಅವು ಮೊಳದುದ್ದ ಬೆಳೆದಾಗ ಅರ್ಧಕ್ಕೆ ಕತ್ತರಿಸಿ, ಮತ್ತೆ ಒಡೆಯುವುದನ್ನು ಅದೇ ರೀತಿ ಮಾಡುತ್ತ ಹೋದರೆ ಮರ ಮೇಲಕ್ಕೆ ಓಡದೆ ಬಟ್ಟಲಿನಂತೆ ತೆರೆದುಕೊಳ್ಳುತ್ತದೆ. ಕೊಯ್ಲು ಮುಗಿದ ಪ್ರತಿ ಸಲವೂ ರೆಂಬೆಗಳ ತುದಿಯನ್ನು 10 ರಿಂದ 15 ಸೆಂ.ಮೀ. ಸವರಬೇಕು. ಕೆಲವೇ ವಾರಗಳಲ್ಲಿ ಬರುವ ಹೊಸ ಚಿಗುರಿನ ಬುಡದ ಕಡೆಯ ಎಲೆಗಳ ಕಂಕುಳಲ್ಲಿ ಹಸಿರು ಗುಂಡುಗಳಂಥ ಮೊಗ್ಗುಗಳು ಕಾಣಿಸಿಕೊಂಡರೆ ಕೆಲಸ ಸರಿಯಾಗಿದೆ ಎಂದು ತಿಳಿಯಿರಿ. ಹೂವರಳಿದ ನಂತರ ಹಣ್ಣಾಗಲು ಸುಮಾರು 4 ರಿಂದ 5 ತಿಂಗಳು ಬೇಕು.

ಫಾಲ್ಸಾ ಪೊದೆಯನ್ನು ವರ್ಷಕ್ಕೊಮ್ಮೆ, ಅದು ಎಲೆ ಉದುರಿಸಿ ವಿಶ್ರಮಿಸುವ ಕಾಲದಲ್ಲಿ, ಮಂಡಿ ಅಥವಾ ಸೊಂಟದ ಎತ್ತರಕ್ಕೆ ನಿರ್ದಾಕ್ಷಿಣ್ಯವಾಗಿ ತಗ್ಗಿಸಬೇಕು. ಬೋರೆಗೂ ಅಷ್ಟೇ ಕಠಿಣವಾದ ಸವರುವಿಕೆ ಹಿತ. ಹಿಪ್ಪುನೇರಳೆಯ ಎಲೆ ಸವರಿ ರೆಂಬೆ ಮೊಟಕು ಮಾಡಿದರೆ ಚಿಗುರಿನ ಜೊತೆಯಲ್ಲೇ ಹೀಚೂ ಹೊರಡುತ್ತದೆ.

ಹೂವಿದ್ದೂ ಕಾಯಿ ನಿಲ್ಲದಿದ್ದರೆ

ಸೀತಾಫಲದಲ್ಲಿ ಈ ದೂರು ಸಾಮಾನ್ಯ. ಅದರ ಪ್ರತಿ ಹೂವಿನಲ್ಲೂ ಹೆಣ್ಣು ಭಾಗ, ಗಂಡು ಭಾಗ ಎರಡೂ ಇವೆ, ಆದರೆ ಅವು ಒಂದೇ ಹೊತ್ತಿಗೆ ಪಕ್ವವಾಗುವುದಿಲ್ಲ. ದಪ್ಪ ದಳಗಳು ತುಸುವೇ ಬಿರಿದಾಗ ಒಳಗಿನ ಹೆಣ್ಣು ತುದಿಗಳು ಅಂಟಿನಿಂದ ಮಿನುಗುತ್ತವೆ. ದಳಗಳು ಪೂರ್ತಿ ತೆರೆದು ಪರಾಗ ಉದುರುವ ವೇಳೆಗೆ ಆ ಮಿನುಗು ಒಣಗಿಹೋಗಿರುತ್ತದೆ. ಇವೆರಡರ ನಡುವೆ ಓಡಾಡಬೇಕಾದ ಪುಟ್ಟ ದುಂಬಿಗಳು ಕಡಿಮೆಯಿರುವಲ್ಲಿ ಆ ಕೆಲಸವನ್ನು ನಾವೇ ಮಾಡಬಹುದು. ಬೆಳಗಿನ ತಂಪಿನಲ್ಲಿ, ಪೂರ್ತಿ ಅರಳಿದ ಹೂಗಳನ್ನು ಒಣಗಿದ ಡಬ್ಬಿಯ ಮೇಲೆ ಕೊಡವಿ ಪರಾಗ ಸಂಗ್ರಹಿಸಿ, ಅರೆಬಿರಿದ ಹೂವಿನ ಒಂದು ದಳವನ್ನು ಬೆರಳಿನಿಂದ ಮೆಲ್ಲಗೆ ಹಿಂದೆ ಸರಿಸಿ, ಮೃದುವಾದ ಕುಂಚದಿಂದ ಮಧ್ಯದ ದಿಬ್ಬಕ್ಕೆ ಸುತ್ತಲೂ ಸವರಿ. ಸೀತಾಫಲದ ಒಂದೊಂದು ಕಣ್ಣೂ ಬೇರೆಬೇರೆ ಅಂಡಕೋಶದಿಂದ ಬೆಳೆದದ್ದು; ಪರಾಗ ತಾಗದ ಬದಿ ಉಬ್ಬದೆ ಉಳಿದು ಹಣ್ಣು ಸೊಟ್ಟಗಾಗುತ್ತದೆ. ಹಣ್ಣಿನ ಆಕಾರ ನೋಡಿಯೇ ಕುಂಚ ಎಲ್ಲಿ ತಪ್ಪಿತೆಂದು ಹೇಳಬಹುದು.

ನಕ್ಷತ್ರದಾಕಾರದ ಹೋಳಾಗುವ ಧಾರೆಹುಳಿಯಲ್ಲಿ ಉದ್ದ ಶಲಾಕೆಯ (ಹೂವಿನ ಹೆಣ್ಣು ಭಾಗದ ಕಡ್ಡಿ) ಹೂವಿನ ಮರಗಳು, ಗಿಡ್ಡ ಶಲಾಕೆಯ ಹೂವಿನ ಮರಗಳು ಎಂದು ಎರಡು ಬಗೆಯಿದ್ದು, ಎರಡೂ ಹತ್ತಿರದಲ್ಲಿದ್ದರೆ ಫಸಲು ಹೆಚ್ಚು. ನೆಲ್ಲಿಯಲ್ಲೂ ಒಂಟಿ ಮರಕ್ಕಿಂತ ಎರಡು ತಳಿಗಳನ್ನು ಜೊತೆಯಾಗಿ ನೆಡುವುದೇ ಕ್ಷೇಮ.

ಸೀಬೆಯ ದೊಡ್ಡ ಶತ್ರು ಹಣ್ಣಿನ ನೊಣ. ಕಾಯಿ ಬಣ್ಣ ತಿರುಗುವಾಗ ಹೆಣ್ಣುನೊಣ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ಹಣ್ಣಿನೊಡನೆ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಗೂಡುಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಕಾಯಿ ನಿಂಬೆಗಾತ್ರಕ್ಕೆ ಬರುವ ಮೊದಲೇ ಕಾಗದದ ಚೀಲ ಕಟ್ಟಿ. ಬಿದ್ದ ಹಣ್ಣುಗಳನ್ನು ದಿನವೂ ಆಯ್ದು, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಕೆಲವು ದಿನ ಬಿಸಿಲಿಗಿಟ್ಟರೆ ಹುಳುಗಳು ಸಾಯುತ್ತವೆ.

ಯಾವ ಹಂತಕ್ಕೆ ಯಾವ ಬಳಕೆ

ಸೀಬೆ, ಸೀತಾಫಲಗಳು ಬಲಿತ ಮೇಲೆ ಕಿತ್ತರೂ ಮನೆಯಲ್ಲಿ ಮಾಗುತ್ತವೆ. ದಾಳಿಂಬೆ, ಧಾರೆಹುಳಿಗಳು ಕಿತ್ತ ಮೇಲೆ ಸಿಹಿಯಾಗುವುದಿಲ್ಲ, ಗಿಡದಲ್ಲೇ ಮಾಗಬೇಕು. ಸೀತಾಫಲದ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಕೆನೆಬಣ್ಣಕ್ಕೆ ತಿರುಗಿದಾಗ ಕೀಳಿ, ಮೆತ್ತಗಾಗುವ ಮುನ್ನ ಫ್ರಿಜ್ಜಿನಲ್ಲಿಡಬೇಡಿ, ಸಿಪ್ಪೆ ಕಪ್ಪಾಗಿ ಹಣ್ಣು ಕೆಡುತ್ತದೆ. ಎಂಟು ಏಣುಗಳಿರುವ ಸುರಿನಾಮ್ ಚೆರ್ರಿ ಅರೆಬಲಿತಾಗ ರಾಳದಂತೆ ನಾರುತ್ತದೆ, ಬೆರಳು ತಾಗಿದೊಡನೆ ಅಂಗೈಗೆ ಬೀಳುವ ಹಣ್ಣನ್ನು ಮಾತ್ರ ತಿನ್ನಿ. ಅದನ್ನು ಬೇಗ ಕಿತ್ತು ತಿಂದು ದೂರಿದವರು ಆ ಗಿಡಕ್ಕೆ ಅನ್ಯಾಯ ಮಾಡಿದ್ದಾರೆ.

ಬಾರ್ಬಡೋಸ್ ಚೆರ್ರಿಯ 100 ಗ್ರಾಂ ತಿರುಳಿನಲ್ಲಿ 1,000 ಮಿಲಿಗ್ರಾಂ ಮೀರಿ ಸಿ ಜೀವಸತ್ವ ಇರುತ್ತದೆ, ಅದೂ ಹಣ್ಣಿಗಿಂತ ಕಾಯಲ್ಲಿ ಹೆಚ್ಚು. ಹೂವಾದ 3 ರಿಂದ 4 ವಾರಗಳಲ್ಲೇ ಕೊಯ್ಲಿಗೆ ಬರುವ ಈ ಹಣ್ಣು ಕಿತ್ತ 2 ರಿಂದ 3 ದಿನಗಳಲ್ಲಿ ಹುಳಿಯುವುದರಿಂದ, ತಿಂದು ಉಳಿದದ್ದನ್ನು ಅಂದೇ ಹೆಪ್ಪುಗಟ್ಟಿಸಬೇಕು. ಫಾಲ್ಸಾ ಇನ್ನೂ ನಾಜೂಕು, ಕಿತ್ತ ದಿನವೇ ರಸ ತೆಗೆಯುವುದು ಲೇಸು.

ಕವಳೆಯ ಹಸಿ ಕಾಯಿ ಕತ್ತರಿಸಿದರೆ ಬಿಳಿ ಹಾಲು ಸುರಿದು ಕೈಗೂ ಚಾಕುವಿಗೂ ಅಂಟುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಕತ್ತರಿಸಿ, ಹೋಳುಗಳನ್ನು ಉಪ್ಪುನೀರಿಗೆ ಹಾಕಿಟ್ಟರೆ ಅಂಟು ಬಿಡುತ್ತದೆ. ಕಾಯಿ ಉಪ್ಪಿನಕಾಯಿಗೆ, ಕಪ್ಪೇರಿದ ಹಣ್ಣು ತಿನ್ನಲು, ನಡುವಿನ ಕೆಂಪು ಹಂತದ್ದು ಜೆಲ್ಲಿಗೆ.

ಜೆಲ್ಲಿ ಗಟ್ಟಿಯಾಗುವುದು ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟುಪದಾರ್ಥದಿಂದ, ಪೆಕ್ಟಿನ್ ತುಂಬಿರುವುದು ದೋರಗಾಯಿಯಲ್ಲಿ. ಸೀಬೆಯಾದರೆ ಮುಕ್ಕಾಲು ಪಾಲು ದೋರಗಾಯಿಗೆ ಕಾಲು ಪಾಲು ಘಮ್ಮೆನ್ನುವ ಹಣ್ಣು ಸೇರಿಸಿ ಹೋಳು ಮಾಡಿ, ಮುಳುಗುವಷ್ಟು ನೀರಿನಲ್ಲಿ 20 ರಿಂದ 30 ನಿಮಿಷ ಮೆಲ್ಲನೆ ಕುದಿಸಿ, ಬಟ್ಟೆಯಲ್ಲಿ ಇಳಿಬಿಡಿ. ಬಟ್ಟೆಯನ್ನು ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ, ತಾನಾಗಿ ತೊಟ್ಟಿಕ್ಕಲು ಬಿಡುವುದೇ ಸರಿ. ಒಂದು ಕಿಲೋ ರಸಕ್ಕೆ ಮುಕ್ಕಾಲು ಕಿಲೋ ಸಕ್ಕರೆ, ಒಂದಿಷ್ಟು ನಿಂಬೆರಸ ಬೆರೆಸಿ ಕುದಿಸಿ. ಸೌಟಿನಲ್ಲೆತ್ತಿ ಓರೆ ಮಾಡಿದಾಗ ಹನಿಗಳು ಬಿಡಿಬಿಡಿಯಾಗಿ ಬೀಳದೆ ಎರಡು ಮೂರು ಸೇರಿ ಹಾಳೆಯಂತೆ ಜೋತು ಬಿದ್ದರೆ ಒಲೆಯಿಂದ ಇಳಿಸುವ ಸಮಯ. ತಾಪಮಾಪಕ ಇದ್ದವರು ಸುಮಾರು 105 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಲಿ.

ಹುಳಿ ಹಣ್ಣು ಇಷ್ಟಪಡದವರು ಮಿರಾಕಲ್ ಹಣ್ಣನ್ನು ಬೆಳೆಸಬಹುದು. ಪಶ್ಚಿಮ ಆಫ್ರಿಕಾದ ಈ ಪೊದೆಯ ಪುಟ್ಟ ಕೆಂಪು ಹಣ್ಣಿನ ತಿರುಳನ್ನು ಬಾಯಲ್ಲಿ ಹೊರಳಿಸಿದರೆ, ಅದರಲ್ಲಿನ ಮಿರಾಕ್ಯುಲಿನ್ ಎಂಬ ಪ್ರೋಟೀನ್ ನಾಲಿಗೆಗೆ ಅಂಟಿಕೊಂಡು ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನಿಂಬೆಯೂ ಸಿಹಿಯಾಗುತ್ತದೆ. ಹುಳಿಯ ಆಮ್ಲ ಮಾತ್ರ ಹೊಟ್ಟೆಯಲ್ಲಿ ಆಮ್ಲವೇ, ಮಿತಿ ಇರಲಿ.

ನಾಲ್ಕು ಎಚ್ಚರಿಕೆಗಳನ್ನು ಕಡೆಗಣಿಸಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರು ಧಾರೆಹುಳಿಯನ್ನು ಮುಟ್ಟಲೇಬಾರದು. ಅದರಲ್ಲಿರುವ, ಮೂತ್ರಪಿಂಡಕ್ಕೆ ಹಾನಿಮಾಡುವ ಆಕ್ಸಲೇಟ್ ಮತ್ತು ಕ್ಯಾರಂಬಾಕ್ಸಿನ್ ಎಂಬ ನರವಿಷ ದೇಹದಿಂದ ಹೊರಹೋಗದೆ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಸಾವಿನವರೆಗೂ ಒಯ್ದದ್ದಿದೆ. ಆಕ್ಸಲೇಟ್ ತುಂಬಿದ ಬಿಂಬುಳಿಯ ರಸವನ್ನು ಆರೋಗ್ಯವಂತರೂ ಲೋಟಗಟ್ಟಲೆ ಕುಡಿಯಬಾರದು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ತಾಗಿದರೆ ತೀವ್ರ ಗಾಯವಾಗುತ್ತದೆ, ಆದ್ದರಿಂದ ತಿರುಳು ರುಬ್ಬುವ ಮೊದಲು ಪ್ರತಿ ಬೀಜವನ್ನೂ ತೆಗೆಯಿರಿ, ತಲೆಯ ಹೇನಿಗೆಂದು ಆ ಪುಡಿಯನ್ನು ಬಳಸಬೇಡಿ. ಅದೇ ಕುಲದ ಲಕ್ಷ್ಮಣಫಲದ ಹಣ್ಣು ಮತ್ತು ಎಲೆಯ ಕಷಾಯವನ್ನು ದೀರ್ಘಕಾಲ ಸೇವಿಸಿದವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಕಂಡದ್ದನ್ನು ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಿಂದ ವೈದ್ಯರು 1999ರಲ್ಲಿ ವರದಿ ಮಾಡಿದರು. ಅಪರೂಪಕ್ಕೆ ಹಣ್ಣು ತಿನ್ನುವುದು ಬೇರೆ, ಔಷಧಿಯೆಂದು ದಿನವೂ ಕುಡಿಯುವುದು ಬೇರೆ.

ಸವರಿದ ಕಡ್ಡಿಗಳನ್ನೂ ಸುಡಬೇಕಿಲ್ಲ. ಫಾಲ್ಸಾದ ಉದ್ದ ಸಪೂರ ಬರಲುಗಳು ಹಸಿಯಿದ್ದಾಗ ಬಾಗುತ್ತವೆ, ಬುಟ್ಟಿ ಹೆಣೆಯಲು ಹೇಳಿಮಾಡಿಸಿದಂತಿವೆ. ಅದರ ತೊಗಟೆಯ ಲೋಳೆ ಕುದಿಯುವ ಕಬ್ಬಿನ ಹಾಲಿನ ಕಶ್ಮಲವನ್ನು ಹಿಡಿದು ಮೇಲಕ್ಕೆ ತರುತ್ತದೆ. ಸೀಬೆಯ ದಪ್ಪ ರೆಂಬೆ ಗಟ್ಟಿಮರ, ನೆರಳಲ್ಲಿ ಒಣಗಿಸಿದರೆ ಉಪಕರಣಗಳಿಗೆ ಹಿಡಿಯಾಗುತ್ತದೆ. ದಾಳಿಂಬೆಯ ಸಿಪ್ಪೆಯನ್ನು ಒಣಗಿಸಿ ಕೂಡಿಟ್ಟುಕೊಂಡು, ನೀರಿನಲ್ಲಿ ಕುದಿಸಿ ಸೋಸಿ, ಪಟಿಕದ ನೀರಿನಲ್ಲಿ ನೆನೆಸಿದ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿದರೆ ಹಳದಿ ಬಣ್ಣ ಹಿಡಿಯುತ್ತದೆ; ಅದೇ ನೀರಿಗೆ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ಹಾಕಿಟ್ಟರೆ ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ.