ಚೀವೊ ಗಿಸಾದೊ: ಸಕ್ಕರೆ ಕಂದಿಸಿ ಬೇಯಿಸುವ ಡೊಮಿನಿಕನ್ ಮೇಕೆ ಮಾಂಸ

ಕೆರಿಬಿಯನ್ ಸಮುದ್ರದ ದ್ವೀಪವೊಂದರಲ್ಲಿರುವ ಡೊಮಿನಿಕನ್ ಗಣರಾಜ್ಯದ ವಾಯವ್ಯ ತುದಿಯಲ್ಲಿ, ಹೈಟಿಯ ಗಡಿಗೆ ಅಂಟಿಕೊಂಡಿರುವ ಮೊಂಟೆ ಕ್ರಿಸ್ಟಿ ಸೀಮೆಯು ಮಳೆ ಕಡಿಮೆಯ, ಮುಳ್ಳುಕಂಟಿಯ ನಾಡು. ಅಲ್ಲಿನ ಬಯಲಿನಲ್ಲಿ ಮೇಯುವ ಮೇಕೆಗಳು ಕಾಡು ಒರೆಗಾನೊ ಸೊಪ್ಪನ್ನು ತಿಂದು ಬೆಳೆಯುವುದರಿಂದ ಅವುಗಳ ಮಾಂಸಕ್ಕೆ ಮಸಾಲೆ ಮೊದಲೇ ಹಿಡಿದಿರುತ್ತದೆ ಎಂಬುದು ಆ ದೇಶದವರ ಹೆಮ್ಮೆಯ ಮಾತು. ಆ ಮಾಂಸದಿಂದ ಮಾಡುವ, ಗಟ್ಟಿ ರಸದ ಅಡುಗೆಯೇ ಚೀವೊ ಗಿಸಾದೊ. ಇದನ್ನು ಮನೆಯಲ್ಲಿ ಮಾಡಹೊರಟವರಲ್ಲಿ ಹೆಚ್ಚಿನವರು ಕಾದ ಎಣ್ಣೆಯಲ್ಲಿ ಸಕ್ಕರೆಯನ್ನು ಕಂದಿಸುವ ಹಂತದಲ್ಲಿಯೇ ಎಡವುತ್ತಾರೆ. ಉಳಿದದ್ದೆಲ್ಲ ಮಟನ್ ಸಾರು ಮಾಡಿ ಅಭ್ಯಾಸವಿರುವ ಯಾರಿಗಾದರೂ ಒದಗುವ ಕೆಲಸ.

ಮೊದಲು ಮಾಂಸ. ಅಂಗಡಿಯಲ್ಲಿ ಮಟನ್ ಎಂದಷ್ಟೇ ಕೇಳಿದರೆ ಕುರಿಯ ಮಾಂಸ ಸಿಗುವುದೇ ಹೆಚ್ಚಾದ್ದರಿಂದ ಮೇಕೆಯದೇ ಬೇಕೆಂದು ಬಾಯಿಬಿಟ್ಟು ಹೇಳಿ, ಮೂಳೆಸಹಿತ 1 ಕಿಲೋ ತನ್ನಿ. ತುಂಡುಗಳು ದೊಡ್ಡವಿರಲಿ. ಡೊಮಿನಿಕನ್ ಮನೆಗಳಲ್ಲಿ ಹುಳಿ ಕಿತ್ತಳೆಯ ರಸದಿಂದ ಮಾಂಸವನ್ನು ತೊಳೆಯುತ್ತಾರೆ; ನಿಂಬೆರಸವೂ ನಡೆಯುತ್ತದೆ. ತೊಳೆದ ಮೇಲೆ 6 ಎಸಳು ಬೆಳ್ಳುಳ್ಳಿ, 1 ದೊಡ್ಡ ಚಮಚ ಒಣ ಒರೆಗಾನೊ, ಕಾಳುಮೆಣಸು ಮತ್ತು ಉಪ್ಪನ್ನು ಒರಳಿನಲ್ಲಿ ಜಜ್ಜಿ ಸವರಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಪಿಜ್ಜಾ ಜೊತೆ ಬರುವ ಪೊಟ್ಟಣದ ಒರೆಗಾನೊ ಹೆಚ್ಚಿನಂಶ ಹಳಸಲು ಧೂಳಾಗಿರುತ್ತದೆ, ಅದನ್ನು ಬಳಸಬೇಡಿ. ಗರಂ ಮಸಾಲೆ, ಧನಿಯಾ ಪುಡಿ, ಅರಿಸಿನ ಇವುಗಳಲ್ಲಿ ಯಾವುದಾದರೂ ಬಿದ್ದರೆ ಅದು ನಮ್ಮ ಮಟನ್ ಸಾರೇ ಆಗುತ್ತದೆ.

ಈಗ ಸಕ್ಕರೆಯ ವಿಚಾರ. ಅಲ್ಲಿಯವರು ಇದಕ್ಕೆ ಕಾಲ್ದೆರೊ ಎಂಬ, ಎರಕದ ಅಲ್ಯೂಮಿನಿಯಂನ ದಪ್ಪ ಪಾತ್ರೆಯನ್ನು ಬಳಸುತ್ತಾರೆ. ನಿಮ್ಮಲ್ಲಿರುವ ಯಾವುದೇ ದಪ್ಪ ತಳದ ಪಾತ್ರೆಯಾದೀತು, ಆದರೆ ನಾನ್‌ಸ್ಟಿಕ್ ಬಾಣಲೆ ಬೇಡವೇ ಬೇಡ: ಅದರ ಕಪ್ಪು ತಳದಲ್ಲಿ ಸಕ್ಕರೆಯ ಬಣ್ಣ ಕಾಣುವುದಿಲ್ಲ, ಮುಂದೆ ರಸಕ್ಕೆ ರುಚಿ ಕೊಡಬೇಕಾದ ಕರಿಕೂ ಅಂಟುವುದಿಲ್ಲ. ಒಲೆ ಹೊತ್ತಿಸುವ ಮೊದಲೇ ಮಾಂಸವನ್ನು ಮಸಾಲೆಯ ನೀರಿನಿಂದ ಬೇರ್ಪಡಿಸಿ, ಅಂಟಿದ ಬೆಳ್ಳುಳ್ಳಿಯನ್ನು ಕೊಡವಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಕೈಗೆಟಕುವಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಸಕ್ಕರೆ ಸಿದ್ಧವಾದ ಮೇಲೆ ಹುಡುಕಾಡುವುದಕ್ಕೆ ಸಮಯವಿರುವುದಿಲ್ಲ. ಬೇರ್ಪಡಿಸಿದ ನೀರನ್ನು ಚೆಲ್ಲಬೇಡಿ.

ಮಧ್ಯಮ ಉರಿಯಲ್ಲಿ 3 ದೊಡ್ಡ ಚಮಚ ಎಣ್ಣೆ ಕಾಯಿಸಿ, 1 ಚಿಕ್ಕ ಚಮಚ ಕಂದು ಸಕ್ಕರೆಯನ್ನು ತಳದ ತುಂಬ ಹರಡುವಂತೆ ಉದುರಿಸಿ. ಬಿಳಿ ಸಕ್ಕರೆಯೂ ಆಗುತ್ತದೆ. ಬೆಲ್ಲ ಮಾತ್ರ ಬೇಡ, ಅದು ಬಣ್ಣ ಬರುವ ಮೊದಲೇ ಸೀದುಹೋಗುತ್ತದೆ. ಸಕ್ಕರೆ ಎಣ್ಣೆಯಲ್ಲಿ ಕರಗಿ ಬೆರೆಯುವುದಿಲ್ಲ. ಮೊದಲು ಮುದ್ದೆಗಟ್ಟಿ, ನಂತರ ಪಾಕವಾಗಿ ಎಣ್ಣೆಯ ಅಡಿಯಲ್ಲಿ ಬೇರೆಯಾಗಿಯೇ ಓಡಾಡುತ್ತದೆ. ಇದನ್ನು ಕಂಡು ಏನೋ ಕೆಟ್ಟಿತೆಂದು ಗಾಬರಿಯಾಗಿ ನೀರು ಸುರಿಯುವವರಿದ್ದಾರೆ. ಕಾದ ಎಣ್ಣೆಗೆ ನೀರು ಬಿದ್ದರೆ ಸಿಡಿದು ಕೈ ಸುಡುತ್ತದೆ. ಪಾಕ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ಮಾಂಸ ಹಾಕುವುದು ಅತಿ ಸಾಮಾನ್ಯವಾದ ತಪ್ಪು, ಆಗ ಬಣ್ಣವೂ ಬರುವುದಿಲ್ಲ, ಅಡುಗೆಯೂ ಸಿಹಿಯಾಗುತ್ತದೆ. ಹುಣಿಸೆಹಣ್ಣಿನಂಥ ಕಡುಗಂದು ಬಣ್ಣ ಬಂದು, ಅಂಚಿನಲ್ಲಿ ಸಣ್ಣ ನೊರೆ ಎದ್ದು, ಸಿಹಿವಾಸನೆಯ ಜಾಗದಲ್ಲಿ ತುಸು ಕಹಿಯ ಘಾಟು ಮೂಗಿಗೆ ತಾಗುವವರೆಗೆ ಕಾಯಬೇಕು. ದಟ್ಟ ಹೊಗೆ ಎದ್ದು ಪಾಕ ಕಪ್ಪಾದರೆ ಅದನ್ನು ಉಳಿಸುವ ಉಪಾಯವಿಲ್ಲ. ಎಣ್ಣೆಯನ್ನು ಚೆಲ್ಲಿ, ಪಾತ್ರೆ ತೊಳೆದು, ಹೊಸದಾಗಿ ಆರಂಭಿಸಿ. ಒಂದು ಚಮಚ ಸಕ್ಕರೆಯ ಆಸೆಗೆ ಒಂದು ಕಿಲೋ ಮಾಂಸವನ್ನು ಕಹಿ ಮಾಡಿಕೊಳ್ಳುವುದು ಜಾಣತನವಲ್ಲ.

ಬಣ್ಣ ಬಂದ ಕ್ಷಣದಲ್ಲಿ ಮಾಂಸವನ್ನು ಮೂರು ನಾಲ್ಕು ಬಾರಿಗೆ ಹಂಚಿ ಹಾಕುತ್ತಾ, ಪ್ರತಿ ತುಂಡಿಗೂ ಪಾಕ ತಾಗುವಂತೆ ಹೊರಳಿಸಿ. ಅಲ್ಲಲ್ಲಿ ಪಾಕ ಗಟ್ಟಿಯಾಗಿ ಗಾಜಿನ ಚೂರಿನಂತಾದರೆ ಚಿಂತೆಯಿಲ್ಲ, ನೀರು ಬಿದ್ದ ಮೇಲೆ ಕರಗುತ್ತದೆ. ಮಾಂಸದ ನೀರಿಂಗಿ ತಳ ಹಿಡಿಯಲು ಶುರುವಾದಾಗ ಎರಡು ಚಮಚ ಬಿಸಿನೀರು ಹಾಕಿ, ಮರದ ಸೌಟಿನಿಂದ ಕರಿಕನ್ನು ಎಬ್ಬಿಸಿ, ಅದು ಆರಿದ ಮೇಲೆ ಮತ್ತೆರಡು ಚಮಚ ಹಾಕಿ. ಹೀಗೆ ನಾಲ್ಕೈದು ಸಲ ಮಾಡುವುದಕ್ಕೆ ತಾಳ್ಮೆ ಬೇಕು, ಆದರೆ ರಸದ ಗಾಢ ಕಂದು ಬಣ್ಣ ಬರುವುದು ಇದರಿಂದಲೇ.

ನಂತರ ಎತ್ತಿಟ್ಟ ಮಸಾಲೆಯ ನೀರು ಮತ್ತು ಮಾಂಸ ಅರ್ಧ ಮುಳುಗುವಷ್ಟು ಬಿಸಿನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಎರಡು ಗಂಟೆ ಹಿಡಿಯಬಹುದು. ಸಮಯವಿಲ್ಲದವರು ಕುಕ್ಕರ್ ಬಳಸಲಿ, ಆದರೆ ಸಕ್ಕರೆಯ ಹಂತವನ್ನು ಮುಗಿಸಿದ ಮೇಲೆ ಮಾತ್ರ, ಮತ್ತು ಕೊನೆಗೆ ಮುಚ್ಚಳ ತೆಗೆದು ರಸವನ್ನು ಇಂಗಿಸಲೇಬೇಕು. ಅಲ್ಲಿನ ಅಡುಗೆಮನೆಗಳಲ್ಲಿಯೂ ಸಾರಿನ ರೆಡಿಮೇಡ್ ಬಿಲ್ಲೆಗಳ ಹಾವಳಿ ಸಾಕಷ್ಟಿದೆ. ಮೂಳೆಯೇ ಇರುವಾಗ ಉಪ್ಪಿನ ಬಿಲ್ಲೆ ಯಾಕೆ ಬೇಕು?

ಕೊನೆಯ 20 ನಿಮಿಷ ಇರುವಾಗ ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸಿನಕಾಯಿ, 2 ಚಮಚ ಟೊಮೆಟೊ ಪೇಸ್ಟ್, ಕೊತ್ತಂಬರಿ ಮತ್ತು ಒಂದು ಹಿಡಿ ಹಸಿರು ಆಲಿವ್ ಸೇರಿಸಿ. ಡೊಮಿನಿಕನ್ ಅಡುಗೆ ಸಾಮಾನ್ಯವಾಗಿ ಖಾರವಿಲ್ಲದ್ದು, ಆದರೆ ವಾಯವ್ಯ ಸೀಮೆಯ ಮೇಕೆ ಮಾಂಸ ಇದಕ್ಕೆ ಅಪವಾದ. ಎರಡು ಸೂಜಿಮೆಣಸನ್ನು ಜಜ್ಜಿ ಹಾಕಿ.

ಮೊದಲ ಪ್ರಯತ್ನವನ್ನು ಕೋಳಿಯ ಮೇಲೆ ಮಾಡಿ ಎಂಬುದು ನನ್ನ ಸಲಹೆ, ಏಕೆಂದರೆ ಪೊಯ್ಯೊ ಗಿಸಾದೊ ಎಂಬ ಅಲ್ಲಿಯ ನಿತ್ಯದ ಕೋಳಿ ಅಡುಗೆಗೂ ಇದೇ ಸಕ್ಕರೆಯ ಕ್ರಮ ನಡೆಯುತ್ತದೆ, ಮುಕ್ಕಾಲು ಗಂಟೆಯೊಳಗೆ ಬೆಂದು ಮುಗಿಯುತ್ತದೆ, ಕೆಟ್ಟರೆ ನಷ್ಟವೂ ಕಡಿಮೆ.

ದಕ್ಷಿಣದ ಸಾನ್ ಹುವಾನ್ ಸೀಮೆಯಲ್ಲಿ ಇದನ್ನು ಜೋಳದ ನುಚ್ಚಿನಿಂದ ಮಾಡುವ ಚೆಂಚೆನ್ ಜೊತೆ ಬಡಿಸುತ್ತಾರೆ. ಬೇರೆಡೆ ಮೋರೊ ದೆ ಗ್ವಾಂದೂಲೆಸ್, ಅಂದರೆ ತೊಗರಿಕಾಳು ಹಾಕಿ ಬೇಯಿಸಿದ ಅನ್ನ, ಜೊತೆಯಾಗುತ್ತದೆ. ಭಾರತದಲ್ಲಿ ಹುಟ್ಟಿದ ತೊಗರಿ ಆಫ್ರಿಕಾದ ದಾರಿಯಾಗಿ ಆ ದ್ವೀಪವನ್ನು ಸೇರಿತು. ನಮ್ಮಲ್ಲಿ ಹಸಿ ತೊಗರಿಕಾಯಿ ಬರುವ ಚಳಿಗಾಲದಲ್ಲಿ ಕಾಳು ಬಿಡಿಸಿ ಈ ಅನ್ನ ಮಾಡಿ, ತಳ ಹಿಡಿದ ಗರಿಗರಿ ಪದರವನ್ನು ಕೆರೆದು ಎಲ್ಲರಿಗೂ ಹಂಚಿ. ಕೊಂಕೊನ್ ಎನ್ನುವ ಆ ಪದರದ ಮೇಲೆ ಮಾಂಸದ ರಸವನ್ನು ಊಟಕ್ಕೆ ಕೂತ ಮೇಲೆಯೇ ಹುಯ್ಯಬೇಕು, ಮೊದಲೇ ಹುಯ್ದರೆ ಮೆತ್ತಗಾಗುತ್ತದೆ.