‘ಸ್ಟ್ಯಾಂಡ್‌ಸ್ಟಿಲ್’ ಕಲಿಸಲು ನನಗೆ ಮೂರು ಬ್ಯಾಚ್ ಬೇಕಾಯಿತು

ಅರ್ಥ ಬರೆಸದೆ ಪದ ಕಲಿಸುತ್ತೇನೆ ಅಂದಾಗ ಕ್ಲಾಸ್ ನಡೆಸುವ ಗೆಳೆಯರೇ ನಂಬಲಿಲ್ಲ. ಈಗ ಕಲಬುರಗಿಯ ನನ್ನ ಸ್ಪೋಕನ್ ಇಂಗ್ಲಿಷ್ ಬ್ಯಾಚಿನಲ್ಲಿ ಇಪ್ಪತ್ತೈದು ಜನ ಇದ್ದರೆ ಇಪ್ಪತ್ತು ಜನರಾದರೂ ‘ಸ್ಟ್ಯಾಂಡ್‌ಸ್ಟಿಲ್’ ಅನ್ನು ಸರಿಯಾಗಿ ಬಳಸುತ್ತಾರೆ.

ಮೊದಲ ಬ್ಯಾಚಿಗೆ ಪದಗಳ ಪುಸ್ತಿಕೆ ಅಚ್ಚು ಹಾಕಿಸಿದ್ದೆ. ಹತ್ತಿರ ಹತ್ತಿರ 6,000 ರೂಪಾಯಿ ಹೋಯಿತು. ‘ಸಂಪೂರ್ಣ ನಿಲುಗಡೆ, ಸ್ತಬ್ಧ’ ಅಂತ ಅರ್ಥ ಕೊಟ್ಟಿದ್ದೆ. ಎಲ್ಲರೂ ಬಾಯಿಪಾಠ ಮಾಡಿದರು. ವಾಕ್ಯ ಮಾಡಿ ಅಂದರೆ ‘ಟ್ರಾಫಿಕ್ ಬಿಕೇಮ್ ಸ್ಟ್ಯಾಂಡ್‌ಸ್ಟಿಲ್’, ಇನ್ನೊಬ್ಬ ‘ಬಸ್ ಸ್ಟ್ಯಾಂಡ್‌ಸ್ಟಿಲ್ಡ್’. ತಪ್ಪು ಅವರದಲ್ಲ. ಕನ್ನಡದಲ್ಲಿ ‘ಸ್ತಬ್ಧ’ಕ್ಕೆ ‘ಆಯಿತು’ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಅದು ನಾಮಪದ. ತಾನಾಗಿ ನಿಂತರೆ ‘ಕೇಮ್ ಟು ಎ’, ಯಾರೋ ನಿಲ್ಲಿಸಿದರೆ ‘ಬ್ರಾಟ್ ಟು ಎ’, ನಿಂತೇ ಇದ್ದರೆ ‘ಅಟ್ ಎ’.

ಎರಡನೇ ಬ್ಯಾಚಿಗೆ ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ದಿನಕ್ಕೆ 800 ಇರಬೇಕು. ಟ್ರಾಫಿಕ್ ಜಾಮಿನ ವಿಡಿಯೋ ತೋರಿಸಿದೆ. ಖುಷಿಯಿಂದ ನೋಡಿದರು, ಮುಂದಿನ ವಾರ ಮತ್ತೆ ‘ಬಿಕೇಮ್’. ಮೂರು ಜನ ಫೀಸ್ ವಾಪಸ್ ಕೇಳಿದರು. ಕೊಟ್ಟೆ.

ದಾರಿ ತೋರಿಸಿದ್ದು ನೈಟ್ ಹಾಲ್ಟ್ ಬಸ್. ‘ಹಾಲ್ಟ್’ ಯಾರಿಗೂ ಹೊಸದಲ್ಲ. ಹಾಗಾದರೆ ರಾತ್ರಿ ಊರಲ್ಲಿ ನಿಂತ ಬಸ್ಸು ‘ಅಟ್ ಎ ಸ್ಟ್ಯಾಂಡ್‌ಸ್ಟಿಲ್’ ಅನ್ನಬಹುದಾ ಅಂತ ಕೇಳಿದೆ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ, “ಅದು ನಿಲ್ಲಬೇಕಾದಲ್ಲೇ ನಿಂತಿದೆ ಅಲ್ವಾ ಸರ್, ಓಡಬೇಕಾದದ್ದು ನಿಂತ್ರೆ ತಾನೇ ಸ್ಟ್ಯಾಂಡ್‌ಸ್ಟಿಲ್?” ಅಂದಳು. ಅವತ್ತಿನಿಂದ ಆ ಪದವನ್ನು ಒಂಟಿಯಾಗಿ ಹೇಳಲು ಯಾರಿಗೂ ಬಿಟ್ಟಿಲ್ಲ. ‘ಟು-ಎ-ಸ್ಟ್ಯಾಂಡ್‌ಸ್ಟಿಲ್’ ಅಂತ ಒಂದೇ ಉಸಿರಿಗೆ ಹೇಳಬೇಕು. ದಿನಾ ತಮ್ಮ ಓಣಿಯಲ್ಲಿ ನಿಂತುಹೋದ ಒಂದು ಕೆಲಸವನ್ನು ಹೇಳಬೇಕು: ಕರೆಂಟ್ ಹೋಗಿ ನಿಂತ ಗಿರಣಿ, ಹಮಾಲರು ಬಾರದೆ ನಿಂತ ತೊಗರಿ ವ್ಯಾಪಾರ. ಎರಡನೇ ದಿನ ನಾನು ಕೇಳುವ ಮೂರು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿದಿದೆ.

ಬಿಡಿಸಿ ಬರೆದ ‘ಸ್ಟ್ಯಾಂಡ್ ಸ್ಟಿಲ್’ ಕ್ರಿಯಾಪದ. ಫೋಟೋ ತೆಗೆಯುವವರು ‘ಅಲ್ಲಾಡಬೇಡಿ’ ಅನ್ನುತ್ತಾರಲ್ಲ, ಅದು. ಇದಕ್ಕೆ ಐದು ನಿಮಿಷ ಸಾಕು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. 1947ರ ನವೆಂಬರ್ 29ರಂದು ಹೈದರಾಬಾದ್ ನಿಜಾಮರು ಭಾರತದ ಜೊತೆ ಮಾಡಿಕೊಂಡ ಒಪ್ಪಂದದ ಹೆಸರೇ ‘ಸ್ಟ್ಯಾಂಡ್‌ಸ್ಟಿಲ್ ಅಗ್ರಿಮೆಂಟ್’. ಆಗ ಬೀದರ್, ಕಲಬುರಗಿ, ರಾಯಚೂರು ಆ ಸಂಸ್ಥಾನದಲ್ಲೇ ಇದ್ದವು. ಒಂದು ವರ್ಷ ಎಲ್ಲ ಇದ್ದ ಹಾಗೇ ಇರಲಿ ಅನ್ನುವುದು ಅದರ ತಿರುಳು. ವರ್ಷ ತುಂಬುವ ಮೊದಲೇ, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೇನೆ ಬಂತು. ಇಲ್ಲಿ ‘ಸ್ತಬ್ಧ’ ಅಂತ ಬರೆದರೆ ಅರ್ಥ ಕೆಡುತ್ತದೆ, ‘ಯಥಾಸ್ಥಿತಿ’ ಆಗಬೇಕು. ಪಾಠ ಮುಗಿಯುವಷ್ಟರಲ್ಲಿ ಒಬ್ಬ ಹುಡುಗ ಅಜ್ಜನಿಂದ ಕೇಳಿದ ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಸಶಸ್ತ್ರ ಪಡೆ) ಕಾಲದ ಕಥೆ ಶುರು ಮಾಡಿದ, ಅದೂ ಇಂಗ್ಲಿಷಿನಲ್ಲಿ! ಕ್ಲಾಸು ಒಂದು ತಾಸು ಜಾಸ್ತಿ ನಡೆಯಿತು.

ಈ ತಿಂಗಳು ‘ಡೆಡ್‌ಲಾಕ್’ ಹಿಡಿದಿದ್ದೇನೆ, ಅಂದರೆ ಎರಡೂ ಕಡೆಯವರು ಪಟ್ಟು ಬಿಡದೆ ಮಾತು ಮುಂದೆ ಹೋಗದ ಸ್ಥಿತಿ. ಅದನ್ನೂ ಒಂಟಿಯಾಗಿ ಬಿಟ್ಟಿಲ್ಲ, ‘ಬ್ರೇಕ್ ದ’ ಸೇರಿಸಿಯೇ ಹೇಳಿಸುತ್ತಿದ್ದೇನೆ.