ಮೊದಲು ಓದು, ಆಮೇಲೆ ಬರೆ: ಪ್ರೋಗ್ರಾಮಿಂಗ್ ಪ್ರಯೋಗಾಲಯದಲ್ಲಿ ನನ್ನ ಅನುಭವ

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಯೋಗಾಲಯದ ಪಟ್ಟಿಯಲ್ಲಿ ವಿದ್ಯುತ್ ಬಿಲ್ಲಿನ ಒಂದು ಹಳೆಯ ಲೆಕ್ಕವಿದೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ 90 ಪೈಸೆ, 300 ದಾಟಿದ ಮೇಲೆ ಯೂನಿಟ್‌ಗೆ ಒಂದು ರೂಪಾಯಿ. ಮೀಟರ್ ಶುಲ್ಕ 100 ರೂಪಾಯಿ. ಒಟ್ಟು 400 ರೂಪಾಯಿ ಮೀರಿದರೆ ಶೇಕಡಾ 15 ಸರ್‌ಚಾರ್ಜ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದ ಬಹಳಷ್ಟು ಮಂದಿಗೆ ಇದು ಇಂದಿಗೂ ನೆನಪಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಇದೇ ಬರಲಿ ಎಂದು ದೇವರಿಗೆ ಕೈಮುಗಿದು ಬಂದವರನ್ನು ನಾನು ನೋಡಿದ್ದೇನೆ. ಸಾಲಿಗೆ ಸಾಲು ಬಾಯಿಪಾಠವಾಗಿರುತ್ತದೆ, ಐದು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಆದರೆ "350 ಯೂನಿಟ್ ಉರಿಸಿದವನಿಗೆ ಬಿಲ್ ಎಷ್ಟು ಬರುತ್ತದೆ?" ಎಂದು ಕೇಳಿದರೆ, ತಪ್ಪಿಲ್ಲದೆ ಬರೆದವರೇ ನೆಲ ನೋಡುತ್ತಾರೆ.

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದವರು, ಸಿಇಟಿಯಲ್ಲಿ ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿಯಡಿ ಸೀಟು ಪಡೆದವರು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು ಕಡಿಮೆ. ಮೊಬೈಲ್ ಮೇಲೆ ಎರಡೂ ಹೆಬ್ಬೆರಳು ಕುಣಿಯುತ್ತವೆ, ಕೀಬೋರ್ಡ್ ಮೇಲೆ ಒಂದೇ ತೋರುಬೆರಳು ಅಕ್ಷರ ಹುಡುಕುತ್ತಾ ಅಲೆಯುತ್ತದೆ. ಫೈಲನ್ನು ಎಲ್ಲಿ ಉಳಿಸಿದೆ ಎಂದು ಕೇಳಿದರೆ "ಕಂಪ್ಯೂಟರ್‌ನಲ್ಲಿ ಮೇಡಂ" ಎನ್ನುತ್ತಾರೆ. ಇದು ನಗುವ ಮಾತಲ್ಲ. ಮೊಬೈಲಿನಲ್ಲಿ ಫೋಲ್ಡರ್ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ, ಹಾಗಾಗಿ ಅದರ ಕಲ್ಪನೆ ಅವರಿಗೆ ಬಂದಿರುವ ದಾರಿಯೂ ಇಲ್ಲ. ಮೊದಲ ಕೆಲವು ತರಗತಿಗಳನ್ನು ಫೋಲ್ಡರ್ ಮಾಡುವುದು, ಹೆಸರಿಡುವುದು, ಕಳೆದ ಫೈಲ್ ಹುಡುಕುವುದು, ಇಷ್ಟಕ್ಕೇ ಕೊಡುತ್ತೇನೆ. ಪಠ್ಯಕ್ರಮದಲ್ಲಿ ಇದಕ್ಕೆ ಒಂದು ಗಂಟೆಯೂ ಇಲ್ಲ.

ಸ್ಟಾಫ್‌ರೂಮಿನಲ್ಲಿ ಒಂದು ಮಾತು ಸದಾ ತೇಲುತ್ತಿರುತ್ತದೆ: "ಈ ಮಕ್ಕಳಿಗೆ ಲಾಜಿಕ್ ಇಲ್ಲ." ನಾನು ಅದನ್ನು ಒಪ್ಪುವುದಿಲ್ಲ. 2001ರಲ್ಲಿ ಕಂಪ್ಯೂಟರ್ ಶಿಕ್ಷಣದ ಸಂಶೋಧಕ ಮೈಕಲ್ ಮೆಕ್ರಾಕನ್ ನೇತೃತ್ವದ ತಂಡ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದವರಿಗೆ ಪರೀಕ್ಷೆ ಕೊಟ್ಟಿತು. ಸರಾಸರಿ ಬಂದದ್ದು 110ಕ್ಕೆ 23ರ ಆಸುಪಾಸು. ಇಂಗ್ಲಿಷಿನಲ್ಲೇ ಪಾಠ ಕೇಳಿದವರ ಕಥೆಯೂ ಇದರಲ್ಲಿ ಸೇರಿದೆ. ಆ ವಿದ್ಯಾರ್ಥಿಗಳಿಗೆ ಸಮಸ್ಯೆ ಬಿಡಿಸುವ ಶಕ್ತಿಯೇ ಇಲ್ಲವೇ ಎಂಬ ಪ್ರಶ್ನೆ ಎದ್ದಾಗ, 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶಗಳ ವಿದ್ಯಾರ್ಥಿಗಳ ಮುಂದೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳನ್ನು ಇಟ್ಟು, ಇದು ಏನು ಮಾಡುತ್ತದೆ ಎಂದು ಕೇಳಿದರು. ಬರೆಯುವುದಿರಲಿ, ಓದಿ ಹೇಳುವುದರಲ್ಲೇ ಅನೇಕರು ಎಡವಿದರು. ಅಂದರೆ ನಾವು ಅಕ್ಷರ ಓದಲು ಬಾರದ ಮಗುವಿನಿಂದ ಪ್ರಬಂಧ ಬರೆಸುತ್ತಿದ್ದೇವೆ. ಇದನ್ನು ಓದಿದ ಮೇಲೆ ನನ್ನ ಪ್ರಯೋಗಾಲಯದ ಕ್ರಮವನ್ನೇ ತಿರುಗಿಸಿದೆ.

ಈಗ ಮೊದಲ ಅರ್ಧ ಗಂಟೆ ಯಾರೂ ಯಂತ್ರ ಮುಟ್ಟುವಂತಿಲ್ಲ. ಮುದ್ರಿಸಿದ ಪ್ರೋಗ್ರಾಂ, ಒಂದು ಪೆನ್ಸಿಲ್, ಖಾಲಿ ಹಾಳೆ. ಪ್ರತಿ ವೇರಿಯಬಲ್‌ಗೆ (ಅಂಕಿಯಂಥ ಬೆಲೆಯನ್ನು ಹಿಡಿದಿಡುವ ಹೆಸರಿಗೆ) ಒಂದು ಚೌಕ ಬರೆಯಬೇಕು. ಬೆಲೆ ಬದಲಾದಾಗ ಹಳೆಯದನ್ನು ಅಡ್ಡಗೆರೆ ಎಳೆದು ಹೊಡೆಯಬೇಕು, ಅಳಿಸಬಾರದು, ಏಕೆಂದರೆ ಎಲ್ಲಿ ದಾರಿ ತಪ್ಪಿತು ಎಂಬುದು ಆ ಹೊಡೆದ ಅಂಕಿಗಳಲ್ಲೇ ಸಿಗುತ್ತದೆ. ಕೊನೆಗೆ ಪರದೆಯ ಮೇಲೆ ಏನು ಬರುತ್ತದೆ ಎಂದು ಮುಂಚೆಯೇ ಬರೆದಿಟ್ಟು, ಪಕ್ಕದವನಿಗೆ ಬಾಯಿಬಿಟ್ಟು ಹೇಳಬೇಕು. ಅದಾದ ಮೇಲೆ ಯಂತ್ರ.

ಇದರ ರುಚಿ ಹತ್ತುವುದು ಊಹೆ ತಪ್ಪಿದಾಗ. ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ತಿರುಗಿಸುವ ಸೂತ್ರದಲ್ಲಿ 5/9 ಎಂದು ಬರೆದರೆ, ಎರಡೂ ಪೂರ್ಣಾಂಕಗಳಾದ್ದರಿಂದ ಸಿ ಭಾಷೆ ದಶಮಾಂಶವನ್ನು ಬಿಸಾಡಿ ಸೊನ್ನೆ ಕೊಡುತ್ತದೆ. ಜ್ವರ ಬಂದವನಿಗೂ ಸೊನ್ನೆ ಡಿಗ್ರಿ, ಕುದಿಯುವ ನೀರಿಗೂ ಸೊನ್ನೆ ಡಿಗ್ರಿ. 98.6 ಫ್ಯಾರನ್‌ಹೀಟ್‌ಗೆ ಕೈಯಲ್ಲಿ 37 ಎಂದು ಬರೆದುಕೊಂಡವರು ಪರದೆಯ ಮೇಲಿನ ಸೊನ್ನೆ ನೋಡಿ ಜಗಳಕ್ಕೇ ನಿಲ್ಲುತ್ತಾರೆ. ಊಹೆ ಬರೆದಿಟ್ಟಿರದಿದ್ದರೆ ಅದೇ ಸೊನ್ನೆಯನ್ನು ನೋಡಿ "ಔಟ್‌ಪುಟ್ ಬಂತು ಮೇಡಂ" ಎಂದು ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಿದ್ದರು.

ವಿದ್ಯುತ್ ಬಿಲ್ಲಿನ ಲೆಕ್ಕವನ್ನೂ ನಾನು ಪಟ್ಟಿಯಿಂದ ಕಿತ್ತು ಹಾಕಲಿಲ್ಲ, ಅದರಲ್ಲಿ ಕಲಿಸುವುದು ಬೇಕಾದಷ್ಟಿದೆ. 350 ಯೂನಿಟ್‌ಗೆ 160, 90, 50 ಸೇರಿ 300, ಮೀಟರ್ ಶುಲ್ಕ ಕೂಡಿಸಿದರೆ ಸರಿಯಾಗಿ 400. ಈಗ ಸರ್‌ಚಾರ್ಜ್ ಬೀಳುತ್ತದೆಯೇ? "ಮೀರಿದರೆ" ಎಂದು ಪ್ರಶ್ನೆಯಲ್ಲಿದೆ, ಆದ್ದರಿಂದ ಇಲ್ಲ. ಆದರೆ ತರಗತಿಯಲ್ಲಿ ಕೆಲವರು > ಎಂದು ಬರೆದಿರುತ್ತಾರೆ, ಕೆಲವರು >= ಎಂದು. ಮೊದಲನೆಯದು "ಹೆಚ್ಚಾದರೆ", ಎರಡನೆಯದು "ಸಮವಾದರೂ, ಹೆಚ್ಚಾದರೂ", ಹಾಗಾಗಿ ಎರಡನೆಯವರ ಗ್ರಾಹಕ 460 ರೂಪಾಯಿ ಕಟ್ಟುತ್ತಾನೆ. ಇನ್ನು 351 ಯೂನಿಟ್ ಕೊಟ್ಟು ನೋಡಿ: 401ಕ್ಕೆ ಶೇಕಡಾ 15 ಸೇರಿ 461 ರೂಪಾಯಿ 15 ಪೈಸೆ. ಒಂದೇ ಒಂದು ಯೂನಿಟ್ ಹೆಚ್ಚಿಗೆ 61 ರೂಪಾಯಿ 15 ಪೈಸೆ! ಇಂಥ ಬಿಲ್ಲು ನ್ಯಾಯವೇ, ಸರ್‌ಚಾರ್ಜನ್ನು 400ರ ಮೇಲಿನ ಮೊತ್ತಕ್ಕೆ ಮಾತ್ರ ಹಾಕಿದರೆ ಹೇಗೆ ಎಂದು ಹುಡುಗರು ವಾದ ಶುರು ಮಾಡುತ್ತಾರೆ. ಆ ವಾದದ ಹೊತ್ತಿನಲ್ಲಿ ಅವರು ಗಡಿಯ ಬೆಲೆಗಳನ್ನು ಪರೀಕ್ಷಿಸುವುದನ್ನು ಕಲಿತಿರುತ್ತಾರೆ. ಸಾಫ್ಟ್‌ವೇರ್ ಟೆಸ್ಟಿಂಗ್ ಎಂದು ಇದನ್ನೇ ಕಲಿಸುವ ವಿಷಯ ಪಠ್ಯಕ್ರಮದಲ್ಲಿ ಇನ್ನೂ ದೂರವಿರುತ್ತದೆ.

ಟೈಪಿಂಗ್ ನಿಧಾನವಿರುವವರಿಗಾಗಿ ಚೀಟಿ ಆಟ ಮಾಡಿಸುತ್ತೇನೆ. ಪ್ರೋಗ್ರಾಮಿನ ಸಾಲುಗಳನ್ನು ಕತ್ತರಿಸಿ ಕಲಸಿ ಕೊಡುವುದು, ಅವರು ಮೇಜಿನ ಮೇಲೆ ಸರಿಯಾಗಿ ಜೋಡಿಸುವುದು. ಇದು ನನ್ನ ಆವಿಷ್ಕಾರವಲ್ಲ. ನ್ಯೂಜಿಲೆಂಡಿನ ಒಟಾಗೊ ಪಾಲಿಟೆಕ್ನಿಕ್‌ನ ಡೇಲ್ ಪಾರ್ಸನ್ಸ್ ಮತ್ತು ಪ್ಯಾಟ್ರಿಷಿಯಾ ಹೇಡನ್ 2006ರಲ್ಲಿ ಇದನ್ನು ಪರಿಚಯಿಸಿದರು. ಎರಡು ಕಳ್ಳ ಸಾಲುಗಳನ್ನು ಬೆರೆಸಿಟ್ಟರೆ ಆಟ ಬಿಗಿಯಾಗುತ್ತದೆ. ಒಂದು ಚೀಟಿಯಲ್ಲಿ < ಇದ್ದರೆ ಇನ್ನೊಂದರಲ್ಲಿ <=; ಒಂದರಲ್ಲಿ ಫಾರ್ ಲೂಪಿನ (ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ) ಸಾಲು ಸರಿಯಾಗಿದ್ದರೆ ಇನ್ನೊಂದರ ಕೊನೆಯಲ್ಲಿ ಬೇಡದ ಅರ್ಧವಿರಾಮ. ಕೀಬೋರ್ಡ್ ಕಂಡರೆ ಹಿಂಜರಿಯುವವರು ಇಲ್ಲಿ ಮೊದಲಿಗರಾಗುತ್ತಾರೆ, ಒಮ್ಮೆ ಮೊದಲಿಗರಾದ ಮೇಲೆ ಕೀಬೋರ್ಡಿನ ಭಯವೂ ಇಳಿಯುತ್ತದೆ. ಪಾಯಿಂಟರ್ (ಕಂಪ್ಯೂಟರಿನ ನೆನಪಿನಲ್ಲಿರುವ ಜಾಗದ ವಿಳಾಸ ಹಿಡಿದಿಡುವ ವೇರಿಯಬಲ್) ಅಧ್ಯಾಯಕ್ಕೆ ಬಂದಾಗ ಮಾತ್ರ ಚೀಟಿ ಸಾಲದು. ಅದಕ್ಕೆ ಫಿಲಿಪ್ ಗುವೊ ರೂಪಿಸಿದ ಪೈಥಾನ್ ಟ್ಯೂಟರ್ ಬಳಸುತ್ತೇನೆ. ಹೆಸರು ಪೈಥಾನ್ ಎಂದಿದ್ದರೂ ಅದು ಸಿ ಪ್ರೋಗ್ರಾಮನ್ನೂ ಹೆಜ್ಜೆ ಹೆಜ್ಜೆಯಾಗಿ ನಡೆಸಿ, ಯಾವ ಬಾಣ ಎಲ್ಲಿಗೆ ನೆಟ್ಟಿದೆ ಎಂದು ಚಿತ್ರ ಬರೆದು ತೋರಿಸುತ್ತದೆ.

ವಿವರಣೆ ಮೊದಲ ಸುತ್ತಿನಲ್ಲಿ ಕನ್ನಡದಲ್ಲಿ, ಎರಡನೆಯ ಸುತ್ತಿನಲ್ಲಿ ಇಂಗ್ಲಿಷಿನಲ್ಲಿ. ಈ ವಿಷಯದಲ್ಲಿ ಸಹೋದ್ಯೋಗಿಗಳೊಂದಿಗೆ ಸಾಕಷ್ಟು ಜಟಾಪಟಿ ಆಗಿದೆ. ಮುಂದೆ ಕಂಪನಿಯಲ್ಲಿ ಇಂಗ್ಲಿಷೇ ಬೇಕಲ್ಲ, ಅಭ್ಯಾಸ ತಪ್ಪಿಸುತ್ತೀರಿ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಲೂಪು ಏಕೆ ಒಂದು ಸುತ್ತು ಹೆಚ್ಚು ಓಡಿತು ಎಂದು ಕನ್ನಡದಲ್ಲಿ ಹೇಳಲು ಬಂದವನು ಎರಡನೆಯ ಸುತ್ತಿನಲ್ಲಿ ಅದನ್ನೇ ಮೂರು ಮುರುಕು ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುತ್ತಾನೆ. ಕನ್ನಡದಲ್ಲೇ ಹೇಳಲಾಗದವನು ಇಂಗ್ಲಿಷಿನಲ್ಲಿ ಗೈಡ್ ಪುಸ್ತಕದ ವ್ಯಾಖ್ಯೆ ಒಪ್ಪಿಸುತ್ತಾನೆ. ಆ ಎರಡನೆಯ ಸುತ್ತನ್ನು ನಾನು ಎಂದೂ ಬಿಡುವುದಿಲ್ಲ, ಅದು ಕಡ್ಡಾಯ. ಮನೆಯಲ್ಲಿ ಕೇಳಲೆಂದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಕನ್ನಡ ಧ್ವನಿಯ ಪಾಠಗಳನ್ನೂ ಸೂಚಿಸುತ್ತೇನೆ.

ಮೂರನೆಯ ಸೆಮಿಸ್ಟರ್‌ಗೆ ಇನ್ನೊಂದು ಗುಂಪು ಬರುತ್ತದೆ. ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರು. ಉಳಿದವರು ಅಷ್ಟು ಹೊತ್ತಿಗೆ ಗೆಳೆತನ, ಹಾಸ್ಟೆಲ್, ಗುಂಪು ಎಲ್ಲ ಕಟ್ಟಿಕೊಂಡಿರುತ್ತಾರೆ. ಇವರು ಹಿಂದಿನ ಬೆಂಚಿನಲ್ಲಿ "ಡಿಪ್ಲೊಮಾದವರು" ಎಂಬ ಒಂದೇ ಹೆಸರಿನಲ್ಲಿ ಕೂರುತ್ತಾರೆ. ಪ್ರಯೋಗಾಲಯದಲ್ಲಿ ಇವರ ಕೈ ಚುರುಕು: ಲಿನಕ್ಸ್ ಹಾಕುವುದು, ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವುದು, ಡೇಟಾಬೇಸ್ ಕಟ್ಟುವುದು ಎಲ್ಲ ಬರುತ್ತದೆ. ಗಣಿತದಲ್ಲಿ ಮಾತ್ರ ನೆಲ ಕುಸಿಯುತ್ತದೆ, ಏಕೆಂದರೆ ಎಂಜಿನಿಯರಿಂಗ್‌ನ ಮೊದಲ ವರ್ಷದ ಗಣಿತ ಇವರಿಗೆ ತಪ್ಪಿಹೋಗಿರುತ್ತದೆ. ವಿಶ್ವವಿದ್ಯಾಲಯ ಇವರಿಗಾಗಿ ಹೆಚ್ಚುವರಿ ಗಣಿತದ ಕೋರ್ಸನ್ನು ಇಟ್ಟದ್ದುಂಟು, ಆದರೆ ಪಾಸಾದರೆ ಸಾಕು ಎಂದು ಓದುವ ಕೋರ್ಸು ಎಷ್ಟು ದೂರ ಒಯ್ಯುತ್ತದೆ?

ಸಂಜೆ ಹೆಚ್ಚುವರಿ ತರಗತಿ ಇಡೋಣವೆಂದರೆ ಹಳ್ಳಿಗಳ ಬಸ್ಸು ತಪ್ಪುತ್ತದೆ. ಆದ್ದರಿಂದ ಗಣಿತ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಒಪ್ಪಿಸಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅರ್ಧ ಪಾಲು ಕಸಿದುಕೊಂಡೆವು. ಗಣಿತವನ್ನು ಅವರಿಗೆ ಒಗ್ಗುವ ಕಡೆಯಿಂದಲೇ ಹಿಡಿದೆವು: ಹೆಜ್ಜೆ ಹೆಜ್ಜೆಯಾಗಿ ಅಂಕಿಗಳಲ್ಲೇ ಉತ್ತರಕ್ಕೆ ಹತ್ತಿರವಾಗುವ ಸಿಂಪ್ಸನ್ ಸೂತ್ರ, ನ್ಯೂಟನ್-ರಾಫ್ಸನ್ ವಿಧಾನಗಳಿಗೆ ಮೊದಲು ಪ್ರೋಗ್ರಾಂ ಬರೆಸಿ, ಅದರ ಚೌಕಗಳನ್ನು ಕೈಯಲ್ಲಿ ತುಂಬಿಸಿ, ಕೊನೆಗೆ ಸೂತ್ರಕ್ಕೆ ಬರುವುದು. ಪರೀಕ್ಷೆಯಲ್ಲಿ ಕೇಳುವ ಕೋಷ್ಟಕವೂ ಆ ಚೌಕಗಳೂ ಒಂದೇ ಎಂದು ಗೊತ್ತಾದಾಗ ಎಷ್ಟೋ ಮಂದಿಯ ಮುಖ ಅರಳಿತು. ಪ್ರಯೋಗಾಲಯದ ಜೋಡಿಗಳಲ್ಲಿ ಒಬ್ಬ ಡಿಪ್ಲೊಮಾದವನು, ಒಬ್ಬ ರೆಗ್ಯುಲರ್‌ನವನು ಇರಲೇಬೇಕು ಎಂಬ ನಿಯಮದಿಂದ ಬೆಂಚಿನ ಗಡಿಯೂ ಅಳಿಸಿತು, ಪೂರ್ತಿಯಲ್ಲ, ತಕ್ಕಮಟ್ಟಿಗೆ.

ಉದ್ಯೋಗದ ತಯಾರಿ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಏಳನೆಯ ಸೆಮಿಸ್ಟರ್‌ನ ಮುಂಚೆ ಹೊರಗಿನವರನ್ನು ಕರೆಸಿ ಒಂದು ವಾರ ಆಪ್ಟಿಟ್ಯೂಡ್ ಲೆಕ್ಕ, ಒಂದು ದಿನ ವ್ಯಕ್ತಿತ್ವ ವಿಕಸನ ಮಾಡಿಸುವುದು. ಟೈ ಕಟ್ಟುವುದನ್ನು ಅವರೇ ಕಲಿಸಲಿ, ನನ್ನ ಅಭ್ಯಂತರವಿಲ್ಲ. ಆದರೆ ಸಂದರ್ಶನದಲ್ಲಿ ನಮ್ಮವರು ಸೋಲುವುದು "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ. ಪ್ರಾಜೆಕ್ಟ್ ಮಾರುವ ಅಂಗಡಿಯಿಂದ ಸಿದ್ಧ ಸರಕು ತಂದವನಿಗೆ, ಡೇಟಾಬೇಸಿನ ಈ ಟೇಬಲ್ ಏಕೆ ಎರಡಾಗಿದೆ ಎಂದು ಕೇಳಿದ ಕ್ಷಣವೇ ನಾಲಿಗೆ ಒಣಗುತ್ತದೆ.

ಅದಕ್ಕೆ ನನ್ನ ಮದ್ದು, ಐದನೆಯ ಸೆಮಿಸ್ಟರ್‌ನಿಂದ ಮೇಲಿನವರನ್ನು ಮೊದಲ ವರ್ಷದ ಪ್ರಯೋಗಾಲಯಕ್ಕೆ ಸಹಾಯಕರಾಗಿ ಕರೆತರುವುದು. ಅವರಿಗೆ ಎರಡು ಕಟ್ಟಳೆ: ಕೀಬೋರ್ಡ್ ಮುಟ್ಟಬಾರದು, ಉತ್ತರ ಹೇಳಬಾರದು. ಪ್ರಶ್ನೆ ಕೇಳಬಹುದು, ಕೇಳಿದ್ದನ್ನು ವಿವರಿಸಬಹುದು. ಮೊದಮೊದಲು ಕಿರಿಯರಿಗಿಂತ ಹಿರಿಯರೇ ಹೆಚ್ಚು ಒದ್ದಾಡುತ್ತಾರೆ. ಸ್ಕ್ಯಾನ್‌ಎಫ್‌ನಲ್ಲಿ (ಟೈಪಿಸಿದ್ದನ್ನು ಓದಿಕೊಳ್ಳುವ ಸಿ ಆದೇಶದಲ್ಲಿ) ವೇರಿಯಬಲ್ ಮುಂದೆ & ಚಿಹ್ನೆ ಏಕೆ ಬೇಕು ಎಂದು ಕಿರಿಯನೊಬ್ಬ ಕೇಳಿದಾಗ, ಮೂರು ವರ್ಷ ಹಾಕುತ್ತಾ ಬಂದವನಿಗೂ ತನಗೆ ಉತ್ತರ ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಓದಿಕೊಂಡು ಮುಂದಿನ ವಾರ ಬರುತ್ತಾನೆ. ಒಂದು ಸೆಮಿಸ್ಟರ್ ಹೀಗೆ ವಿವರಿಸಿದವನು ಸಂದರ್ಶಕರ ಮುಂದೆ ಕನಿಷ್ಠ ಮೌನವಾಗಿ ಕೂರುವುದಿಲ್ಲ. ಸಂದರ್ಶಕರು ವ್ಯಾಕರಣದ ತಪ್ಪನ್ನು ಎಷ್ಟೋ ಬಾರಿ ಮನ್ನಿಸುತ್ತಾರೆ, ಮೌನವನ್ನು ಮನ್ನಿಸುವುದಿಲ್ಲ.

ಇದರ ಜೊತೆಗೆ ಪ್ರಾಜೆಕ್ಟಿಗೆ ಒಂದು ಪುಟದ ಟಿಪ್ಪಣಿ ಬರೆಸುತ್ತೇನೆ: ನಾನು ಬರೆದ ಭಾಗ ಯಾವುದು, ಏನು ಕೆಟ್ಟಿತು, ಹೇಗೆ ಪತ್ತೆ ಹಚ್ಚಿದೆ. ಗಿಟ್‌ನಲ್ಲಿ (ಪ್ರೋಗ್ರಾಮಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನದಲ್ಲಿ) ಕೆಲಸ ಇಡುವುದು ಕಡ್ಡಾಯ, ಕೊನೆಯ ರಾತ್ರಿ ಒಂದೇ ಸಲ ಸುರಿದದ್ದು ಅಲ್ಲಿ ದಿನಾಂಕ ಸಮೇತ ಕಾಣುತ್ತದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅನೇಕ ಅಧ್ಯಾಪಕರು ಅಸೈನ್‌ಮೆಂಟ್ ಕೊಡುವುದನ್ನೇ ಬಿಟ್ಟರು. ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಅದು ಬರೆದುಕೊಟ್ಟದ್ದನ್ನು ತರಲಿ, ಚೌಕ ಬರೆದು ಓದಿ ಹೇಳಲಿ, ನಾನು ಹೇಳಿದ ಒಂದು ಸಾಲನ್ನು ಅಲ್ಲೇ ಬದಲಿಸಲಿ. ಬೇರೆಯವರು ಬರೆದ ಪ್ರೋಗ್ರಾಮನ್ನು ಓದುವುದೇ ಕೆಲಸಕ್ಕೆ ಸೇರಿದ ಮೇಲೆ ಹೆಚ್ಚಿನ ದಿನಗಳ ಪಾಡು ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಲೇ ಇರುತ್ತಾರೆ.

ಕ್ಯಾಂಪಸ್ ಆಯ್ಕೆಯ ಷರತ್ತುಗಳನ್ನು ಎರಡನೆಯ ವರ್ಷದಲ್ಲೇ ಬಿಚ್ಚಿ ಹೇಳುತ್ತೇನೆ. ಸಾಮೂಹಿಕವಾಗಿ ನೇಮಿಸಿಕೊಳ್ಳುವ ಅನೇಕ ಕಂಪನಿಗಳು ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಕೇಳುತ್ತವೆ. ಪಿಯುಸಿಯಲ್ಲಿ 58 ಬಂದವಳು ಈಗ ಏನು ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ. ಅವಳಿಗೆ ಕೊನೆಯ ವರ್ಷದಲ್ಲಿ ಇದು ಗೊತ್ತಾದರೆ ಅಳು ಬರುತ್ತದೆ, ಎರಡನೆಯ ವರ್ಷದಲ್ಲಿ ಗೊತ್ತಾದರೆ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಗೋ, ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಗೋ, ಅಂಕಪಟ್ಟಿಗಿಂತ ಕೆಲಸ ನೋಡುವ ಸಣ್ಣ ಕಂಪನಿಗಳಿಗೋ ದಾರಿ ಹುಡುಕಲು ಸಮಯವಿರುತ್ತದೆ. ಆಫರ್ ಪತ್ರ ಕೈಗೆ ಬಂದರೂ ಸೇರುವ ದಿನಾಂಕ ತಿಂಗಳುಗಟ್ಟಲೆ ಬಾರದೆ ಮನೆಯಲ್ಲಿ ಕೂತವರು ನಮ್ಮಲ್ಲೂ ಇದ್ದಾರೆ, ಆದ್ದರಿಂದ ಪತ್ರ ಬಂದ ದಿನವೇ ಅಭ್ಯಾಸ ನಿಲ್ಲಿಸಬೇಡಿ ಎನ್ನುತ್ತೇನೆ.

ಎಂಟನೆಯ ಸೆಮಿಸ್ಟರ್‌ನಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಒಂದಿಬ್ಬರು ಹಳೆಯ ವಿದ್ಯಾರ್ಥಿನಿಯರನ್ನು ಕರೆಸಿ, ಹೆಣ್ಣುಮಕ್ಕಳ ತಂದೆ ತಾಯಿಯರನ್ನೂ ಕೂರಿಸುತ್ತೇನೆ. ಅಲ್ಲಿ ತಾಂತ್ರಿಕ ಮಾತು ಏನೂ ಇರುವುದಿಲ್ಲ. ಪಿಜಿಯ ಬಾಡಿಗೆ ಮತ್ತು ಮುಂಗಡ ಎಷ್ಟು, ರಾತ್ರಿ ಪಾಳಿಗೆ ಕ್ಯಾಬ್ ಮನೆಬಾಗಿಲಿಗೆ ಬರುತ್ತದೆಯೇ, ಕೈಗೆ ಬರುವ ಸಂಬಳಕ್ಕೂ ಪತ್ರದಲ್ಲಿ ಬರೆದ ವಾರ್ಷಿಕ ಮೊತ್ತಕ್ಕೂ ಏಕೆ ಅಷ್ಟು ಅಂತರ, ಭವಿಷ್ಯ ನಿಧಿ ಎಂದು ಕಡಿದದ್ದು ಯಾವಾಗ ಸಿಗುತ್ತದೆ. "ಅಕ್ಕಾ, ಬಾಂಡ್ ಬರೆಸಿಕೊಳ್ಳುತ್ತಾರಂತೆ, ಹೌದೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕರಾರನ್ನು ಪೂರ್ತಿ ಓದಿ ಸಹಿ ಮಾಡಿ, ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಒತ್ತೆಯಾಗಿ ಬಿಟ್ಟು ಬರಬೇಡಿ, ಕೆಲಸ ಕೊಡಿಸಲು ಠೇವಣಿ ಕೇಳಿದವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ ಎಂದು ನಾನೂ ದನಿ ಸೇರಿಸುತ್ತೇನೆ. ಪಾಲಕರು ಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ಆದ್ದರಿಂದ ಈಗ ಸಭೆಯ ಕೊನೆಗೆ ನಾನು ಹೊರಗೆ ಹೋಗುತ್ತೇನೆ, ಅವರು ಆ ಹುಡುಗಿಯರ ಜೊತೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ.